ಐವತ್ತೇಳನೇ ವಯಸ್ಸಿಗೆ ಮೊದಲ ಬೈಕು

ನಮ್ಮ ಬೀದಿಯ ಏಳು ಗಂಟೆ ಬಸ್ಸು ನಿಂತುಹೋದಾಗ ಹೆಚ್ಚಿನವರು ಎರಡು ದಿನ ಬೈದು ಸುಮ್ಮನಾದರು. ಸುಮ್ಮನಿರಲು ಆಗದಿದ್ದದ್ದು ನಮ್ಮ ಎದುರುಮನೆಯ ಮಿಷನ್ ರಿಪೇರಿಯವರಿಗೆ. ಹೊಲಿಗೆ ಮಿಷನ್ ರಿಪೇರಿ ಅವರ ಕಸುಬು. ಊರಾಚೆಯ ಬಟ್ಟೆ ಕಾರ್ಖಾನೆಯಲ್ಲಿ ಅರವತ್ತು ಮಿಷನ್‌ಗಳಿವೆ. ಹೊಲಿಯುವ ಹೆಂಗಸರು ಬಂದು ಕೂರುವ ಮೊದಲು ಅವಕ್ಕೆಲ್ಲ ಎಣ್ಣೆ ಬಿಟ್ಟು, ಬೆಲ್ಟು ನೋಡಿ, ಸೂಜಿ ಬದಲಿಸಿ ಸಿದ್ಧ ಮಾಡಬೇಕು. ಇಪ್ಪತ್ತಾರು ವರ್ಷದಿಂದ ಮಾಡುತ್ತಿರುವ ಕೆಲಸ. ಮುಂದಿನ ಬಸ್ಸು ಹಿಡಿದರೆ ಅವರು ತಲುಪುವ ಹೊತ್ತಿಗೆ ಹೆಂಗಸರು ಅರ್ಧ ಅಂಗಿ ಹೊಲಿದು ಮುಗಿಸಿರುತ್ತಾರೆ.

ಸೂಪರ್‌ವೈಸರ್ ಒಳ್ಳೆಯ ಮಾತಿನಲ್ಲೇ ಹೇಳಿದರಂತೆ. "ಎರಡು ತಿಂಗಳು ಹಾಲಿನ ವ್ಯಾನಲ್ಲೋ ಇನ್ನೊಂದ್ರಲ್ಲೋ ಹೇಗೋ ಬನ್ನಿ. ಅಷ್ಟರೊಳಗೆ ಏನಾದ್ರೂ ದಾರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ನಾವು ಬೇರೆಯವರನ್ನ ನೋಡ್ಬೇಕಾಗುತ್ತೆ."

"ಒಂದು ಬೈಕ್ ತಗೊಂಡ್ರೆ ಮುಗೀತು" ಎಂದರು ರಿಪೇರಿಯವರು ಮನೆಗೆ ಬಂದು. ಅಲ್ಲಿಯವರೆಗೆ ಅವರು ಓಡಿಸಿದ್ದು ಸೈಕಲ್ ಮಾತ್ರ, ಅದೂ ಮದುವೆಗೆ ಮುಂಚೆ.

ಅವರ ಹೆಂಡತಿ ಆಸ್ಪತ್ರೆಯಲ್ಲಿ ಸಿಸ್ಟರ್. ಬೀದಿಯವರೆಲ್ಲ ಹಾಗೇ ಕರೆಯುವುದು. ಆಕೆಯ ಕೆಲಸ ಮುರಿದ ಮೂಳೆಗೆ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ. ಬೈಕಿನ ಹೆಸರು ಕೇಳಿದ್ದೇ ತಡ, ಆಕೆ ಕೈಯಲ್ಲಿದ್ದ ಪಾತ್ರೆ ಕುಕ್ಕಿದ ಸದ್ದು ನಮ್ಮ ಮನೆಗೆ ಕೇಳಿಸಿತು.

"ರೀ, ಬೆಳಿಗ್ಗೆಯಿಂದ ಸಂಜೆವರೆಗೆ ನಾನು ನೋಡೋದೇ ಅದನ್ನ. ಇನ್ನು ನಿಮ್ಮ ಕಾಲನ್ನೂ ನಾನೇ ಎತ್ತಿ ಹಿಡ್ಕೊಂಡು ಕೂರ್ಬೇಕಾ? ಈ ವಯಸ್ಸಲ್ಲಿ ಮುರಿದ್ರೆ ಕೂಡೋದು ಎಷ್ಟು ನಿಧಾನ ಅಂತ ಗೊತ್ತಾ ನಿಮಗೆ?"

"ಹಾಗಾದ್ರೆ ಕೆಲಸ ಬಿಟ್ಟು ಮನೇಲಿ ಕೂರ್ಲಾ?"

ಕೆಲಸವಿಲ್ಲದೆ ಆತ ಮನೆಯಲ್ಲಿ ಕೂತರೆ ತಿಂಗಳೊಳಗೆ ಕಾಯಿಲೆ ಬೀಳುತ್ತಾರೆಂದು ಸಿಸ್ಟರ್‌ಗೂ ಗೊತ್ತು. ಮೂರು ದಿನ ಗಂಡ ಹೆಂಡತಿ ಬೇರೆ ಬೇರೆ ಹೊತ್ತಿಗೆ ಉಂಡರು.

ನಾಲ್ಕನೇ ದಿನ ಸಿಸ್ಟರ್‌ನ ತಮ್ಮ ಒಂದು ಬೈಕು ತಂದು ನಿಲ್ಲಿಸಿದ. "ಭಾವ, ನಾನು ಕಾರು ತಗೊಂಡೆ. ಇನ್ಮೇಲೆ ಇದು ನಿಮ್ಮದು, ಪುಕ್ಕಟೆ." ಬೈಕು ನೋಡಲು ದಷ್ಟಪುಷ್ಟವಾಗಿತ್ತು. ಶಬ್ದ ಮಾಡಿದರೆ ಕಿಟಕಿ ಗಾಜು ನಡುಗುತ್ತಿತ್ತು.

ರಿಪೇರಿಯವರು ಅದರ ಟ್ಯಾಂಕಿನ ಮೇಲೆ ಅಂಗೈ ಬಡಿದು ಹಿಗ್ಗಿದರು. "ಒಳ್ಳೆ ಭಾರ ಇದೆ ಕಣಯ್ಯ. ಹಗುರದ ಮಿಷನ್ ಮೇಜಿನ ಮೇಲೆ ಕುಣಿಯುತ್ತೆ, ಹೊಲಿಗೆ ಸೊಟ್ಟ ಬರುತ್ತೆ. ಎರಕದ ಮಿಷನ್ ನೋಡು, ಅಲ್ಲಾಡಲ್ಲ. ಗಾಡೀನೂ ಅಷ್ಟೇ. ಭಾರ ಇದ್ದಷ್ಟೂ ಭದ್ರ."

ಗೇಟಿನ ಬಳಿ ನಿಂತಿದ್ದ ನಾನೂ ಹೌದಲ್ವಾ ಎಂದು ತಲೆ ಆಡಿಸಿದೆ. ನನ್ನ ತಲೆಯೂ ಅಷ್ಟರದ್ದೇ.

ಸಿಸ್ಟರ್ ಜಾಣೆ. ಗಂಡನ ಜೊತೆ ವಾದ ಮಾಡದೆ, ಮೂಲೆಮನೆಯ ಕ್ಲಚ್ಚಕ್ಕನನ್ನು ಕರೆದುಕೊಂಡು ಬಂದರು. ಆಕೆ ಬೈಕ್, ಸ್ಕೂಟರ್ ಓಡಿಸುವುದನ್ನು ಕಲಿಸುವವರು. ಮೈದಾನದಲ್ಲಿ ದಿನವಿಡೀ "ಕ್ಲಚ್ಚು, ಕ್ಲಚ್ಚು" ಎಂದು ಕೂಗಿ ಕೂಗಿ ಆ ಹೆಸರು ಬಂದದ್ದು.

"ಇವರಿಗೆ ನಾಲ್ಕು ಮಾತು ಹೇಳಿ ಈ ಹುಚ್ಚು ಬಿಡಿಸಮ್ಮ" ಎಂದರು ಸಿಸ್ಟರ್.

"ಬೈಕ್ ಓಡಿಸೋದು ಹುಚ್ಚಲ್ಲ ಸಿಸ್ಟರ್. ಯಾವ ಬೈಕು ಅನ್ನೋದನ್ನ ನೋಡ್ಬೇಕು." ಕ್ಲಚ್ಚಕ್ಕ ಬೈಕಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಟೈರು ಮುಟ್ಟಿ, ಸೀಟಿನ ಎತ್ತರ ನೋಡಿದರು.

ತಮ್ಮನಿಗೆ ಸಿಟ್ಟು ಬಂತು. "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ."

"ಹಾಕ್ಲೇಬೇಕಪ್ಪ. ನಿನ್ನ ಕಾಲು ಉದ್ದ, ನಿಮ್ಮ ಭಾವಂದು ಗಿಡ್ಡ. ಅಣ್ಣ, ಹತ್ತಿ ಕೂತ್ಕೊಳ್ಳಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗ್ತಾವಾ ನೋಡಿ."

ರಿಪೇರಿಯವರು ಕೂತರು. ಬೆರಳ ತುದಿ ಮಾತ್ರ ತಾಗಿತು.

"ಸರಿ, ಇಳಿದು ಇದನ್ನ ಹಿಂದಕ್ಕೆ ತಳ್ಳಿ ಗೇಟಿನಾಚೆ ತನ್ನಿ. ದಿನಾ ಬೆಳಿಗ್ಗೆ ನೀವೊಬ್ಬರೇ ಮಾಡ್ಬೇಕಾದ ಕೆಲಸ ಅಲ್ವಾ ಇದು?"

ಅವರ ಅಂಗಳ ರಸ್ತೆಗಿಂತ ತಗ್ಗು. ಗೇಟಿನವರೆಗೆ ಏರು. ರಿಪೇರಿಯವರು ಹಲ್ಲು ಕಚ್ಚಿ ತಳ್ಳಿದರು. ನಾಲ್ಕು ಹೆಜ್ಜೆ ಬಂತು. ಐದನೆಯದಕ್ಕೆ ಹ್ಯಾಂಡಲ್ ಹೊರಳಿ ಬೈಕು ಅವರ ಮೇಲೇ ವಾಲಿತು. ತಮ್ಮ, ಕ್ಲಚ್ಚಕ್ಕ ಇಬ್ಬರೂ ಹಾರಿ ಹಿಡಿಯದಿದ್ದರೆ ಅವತ್ತೇ ಪ್ಲಾಸ್ಟರ್ ಕೋಣೆಗೆ ಹೋಗಬೇಕಿತ್ತು. ರಿಪೇರಿಯವರು ಮೆಟ್ಟಿಲ ಮೇಲೆ ಕುಸಿದು ಕೂತರು. ಎಂಜಿನ್ನು ಚಾಲೂ ಕೂಡ ಆಗಿರಲಿಲ್ಲ ನೋಡಿ.

ಕ್ಲಚ್ಚಕ್ಕ ನಗಲಿಲ್ಲ. ಪಕ್ಕದಲ್ಲಿ ಕೂತು ಹೇಳಿದರು. "ಅಣ್ಣ, ನಿಮ್ಮ ಮಿಷನ್ ಇಟ್ಟ ಕಡೆ ಇರ್ಬೇಕು, ಅದಕ್ಕೆ ಭಾರ ಬೇಕು. ಇದು ಹೋಗ್ಬೇಕು, ತಿರುಗ್ಬೇಕು, ನಿಲ್ಬೇಕು. ನಿಂತಾಗ ಇದರ ಭಾರ ಹೊರೋಕೆ ಮೇಜು ಇರಲ್ಲ, ನಿಮ್ಮ ಕಾಲೇ ಹೊರ್ಬೇಕು. ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು."

"ನೋಡಿದ್ರಾ, ನಾನು ಹೇಳಿರ್ಲಿಲ್ವಾ?" ಎಂದರು ಸಿಸ್ಟರ್.

"ನಿಮಗೂ ಒಂದು ಮಾತು ಕೇಳ್ತೀನಿ ಸಿಸ್ಟರ್. ನಿಮ್ಮ ಕೋಣೆಗೆ ಬರ್ತಾರಲ್ಲ ಬೈಕಿನಿಂದ ಬಿದ್ದವರು, ಅವರಲ್ಲಿ ಸರಿಯಾಗಿ ಕಲಿತವರು ಎಷ್ಟು ಜನ?"

"ಅದನ್ನೆಲ್ಲ ಯಾರು ಕೇಳ್ತಾರೆ?"

"ನಾಳೆ ಕೇಳಿ ನೋಡಿ."

ಸಿಸ್ಟರ್ ಕೇಳಿದರು. ಮರುದಿನ ಸಂಜೆ ನಮ್ಮನೆ ಜಗಲಿಯಲ್ಲಿ ಟೀ ಕುಡಿಯುತ್ತಾ ಹೇಳಿದರು. ಅವತ್ತು ಮೂವರು ಬಂದಿದ್ದರಂತೆ. ಒಬ್ಬರು ಅಳಿಯನ ಗಾಡಿ ಹತ್ತಿ ಒಂದೇ ದಿನ ಆಗಿತ್ತು. ಇನ್ನೊಬ್ಬನ ಬಳಿ ಲೈಸೆನ್ಸೇ ಇರಲಿಲ್ಲ. ಮೂರನೆಯವರು ಎಲ್ಲ ಸರಿಯಾಗಿಯೇ ಇದ್ದವರು, ಹಿಂದಿನಿಂದ ಬಂದ ಕಾರು ತಾಗಿತ್ತು. ಹೆಲ್ಮೆಟ್ ಹಾಕಿದ್ದರಿಂದ ತಲೆ ಉಳಿದು ಕೈಗೆ ಮಾತ್ರ ಪೆಟ್ಟು.

"ಭಯ ಹೋಗಿಲ್ಲ ಕಣೇ" ಎಂದರು ನನ್ನ ಹತ್ತಿರ. "ಆದ್ರೆ ಎಲ್ಲಾ ಹಣೆಬರಹ ಅಂತ ಇನ್ನು ಹೇಳೋಕಾಗಲ್ಲ."

ಆಮೇಲಿನ ಕೆಲಸಗಳು ಕ್ಲಚ್ಚಕ್ಕ ಹೇಳಿದ ಕ್ರಮದಲ್ಲೇ ನಡೆದವು. ದೊಡ್ಡ ಬೈಕು ತಮ್ಮನ ಮನೆಗೆ ವಾಪಸ್ ಹೋಯಿತು. ರಿಪೇರಿಯವರ ಕಣ್ಣು ಪರೀಕ್ಷೆ ಮಾಡಿಸಿದಾಗ ಕನ್ನಡಕ ಬದಲಿಸಬೇಕೆಂದು ಗೊತ್ತಾಯಿತು. ಕಲಿಯುವವರ ಲೈಸೆನ್ಸು ಬಂತು. ಬೈಕಿಗಿಂತ ಮೊದಲು ಹೆಲ್ಮೆಟ್ ಬಂತು, ಅಂಗಡಿಯಲ್ಲಿ ತಲೆಗೆ ಹಾಕಿ, ಪಟ್ಟಿ ಬಿಗಿದು, ಅಲ್ಲಾಡಿಸಿ ನೋಡಿ ತಂದದ್ದು.

ಬೈಕಿನ ಅಂಗಡಿಗೆ ನಾನೂ ಹೋಗಿದ್ದೆ, ಕರೆಯದಿದ್ದರೂ. ರಿಪೇರಿಯವರು ಕೆಲಸಕ್ಕೆ ಹಾಕುವ ಬೂಟು ಹಾಕಿಕೊಂಡು ಒಂದೊಂದೇ ಬೈಕು ಹತ್ತಿ ಇಳಿದರು. ಪ್ರತಿಯೊಂದನ್ನೂ ಹಿಂದಕ್ಕೆ ತಳ್ಳಿ ನೋಡಿದರು. ಬ್ರೇಕ್ ಗಟ್ಟಿಯಾಗಿ ಹಿಡಿದರೂ ಚಕ್ರ ಕಚ್ಚಿಕೊಂಡು ಜಾರದಂಥ ವ್ಯವಸ್ಥೆ ಇದೆಯಾ ಎಂದು ಕೇಳಿದರು. ಕೊನೆಗೆ ಸೀಟು ತಗ್ಗಾಗಿದ್ದ, ಹಗುರವಾದ, ಸಣ್ಣ ಎಂಜಿನ್ನಿನ ಒಂದರ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಊರಿದವು.

"ಅಂಕಲ್, ಇದು ವಯಸ್ಸಾದವರು ತಗೊಳ್ಳೋ ಗಾಡಿ" ಎಂದ ಮಾರುವವನು.

"ನಾನು ವಯಸ್ಸಾದವನೇ ಕಣಪ್ಪ. ಇದನ್ನೇ ಕೊಡು."

ಮುಂದಿನ ಐದು ವಾರ ದಿನಾ ಸಂಜೆ ಮೈದಾನ. ಎಂಜಿನ್ನು ಎಷ್ಟು ಸಲ ನಿಂತಿತೋ ಲೆಕ್ಕವಿಲ್ಲ. ಒಮ್ಮೆ ರಿಪೇರಿಯವರು ಬೇಸತ್ತು ಹೆಲ್ಮೆಟ್ ಕಳಚಿ ಕೈಗೆ ತೆಗೆದುಕೊಂಡರು. "ನನಗೆ ಬರಲ್ಲ ಅಕ್ಕ."

"ಗೇರ್ ಬೇಡ ಅಂದ್ರೆ ಗೇರಿಲ್ಲದ ಸ್ಕೂಟರ್‌ನಲ್ಲಿ ಕಲಿಸ್ತೀನಿ, ಅದರಲ್ಲಿ ಮರ್ಯಾದೆ ಹೋಗೋದೇನಿಲ್ಲ. ಬಿಟ್ಟು ಹೋಗ್ತೀನಿ ಅಂದ್ರೆ ಮಾತ್ರ ಬಿಡಲ್ಲ. ಈಗ ಹತ್ತಿ. ಕ್ಲಚ್ಚು."

ಲೈಸೆನ್ಸ್ ಪರೀಕ್ಷೆಗೆ ಎರಡು ದಿನ ಇರುವಾಗ ಸಿಸ್ಟರ್ ಮೊದಲ ಸಲ ಮೈದಾನಕ್ಕೆ ಬಂದರು. ಬೈಕು ಶುರುವಾದಾಗಿನಿಂದ ನನ್ನ ಮಣಿಕಟ್ಟು ಹಿಡಿದವರು ಬಿಡಲೇ ಇಲ್ಲ. ಮೂರನೇ ಸುತ್ತಿನಲ್ಲಿ ಆಚೆ ಆಡುತ್ತಿದ್ದವರ ಚೆಂಡು ಉರುಳುತ್ತಾ ನೇರ ಬೈಕಿನ ಮುಂದೆ ಬಂತು. ಸಿಸ್ಟರ್ ಕಣ್ಣು ಮುಚ್ಚಿಕೊಂಡರು.

ರಿಪೇರಿಯವರು ಎರಡೂ ಬ್ರೇಕ್ ಒಟ್ಟಿಗೆ ಹಿಡಿದರು. ಬೈಕು ನಿಂತು ಎಡಕ್ಕೆ ವಾಲಿತು. ಅವರು ಎಡಪಾದವನ್ನು ಪೂರ್ತಿ ಊರಿ ಅದನ್ನು ತಡೆದು ನೆಟ್ಟಗೆ ಮಾಡಿದರು. ಚೆಂಡು ಪಕ್ಕದಿಂದ ಹೋಯಿತು.

"ಬಿದ್ರಾ?" ಸಿಸ್ಟರ್ ಕಣ್ಣು ತೆರೆಯಲಿಲ್ಲ.

"ಇಲ್ಲ ಸಿಸ್ಟರ್, ನಿಂತಿದ್ದಾರೆ. ನೋಡಿ."

ಆಕೆ ನೋಡಿದರು. ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟರು. ಎರಡು ತಿಂಗಳಿಂದ ಎದೆಯಲ್ಲಿ ಹೊತ್ತಿದ್ದ ಭಾರ ಇಳಿದ ಅಳು ಅದು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆ ಪಾಸಾದ ಮೇಲಿನ ಸೋಮವಾರ ಬೆಳಿಗ್ಗೆ ರಿಪೇರಿಯವರು ಒಬ್ಬರೇ ಕಾರ್ಖಾನೆಗೆ ಹೊರಟರು. ಸಿಸ್ಟರ್ ಫೋನು ಕೈಯಲ್ಲಿ ಹಿಡಿದು ನಮ್ಮ ಜಗಲಿಯಲ್ಲಿ ಕೂತರು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಂತು.

"ತಲುಪಿದೆ ಕಣೇ. ಮಿಷನ್‌ಗಳಿಗೆ ಎಣ್ಣೆ ಬಿಡೋಕೆ ಶುರು ಮಾಡ್ದೆ."

"ಒಳ್ಳೇದಾಯ್ತು" ಎಂದರು ಸಿಸ್ಟರ್. ಆಮೇಲೆ ಕೇಳಿದರು. "ರೀ, ಹಿಂದೆ ಯಾವಾಗಿಂದ ಕೂರ್ಬಹುದಂತೆ?"

"ಕೈ ಪಳಗೋವರೆಗೆ, ಮೂರು ತಿಂಗಳು ಯಾರನ್ನೂ ಕೂರಿಸ್ಬೇಡಿ ಅಂದಿದ್ದಾರೆ ಕ್ಲಚ್ಚಕ್ಕ."

"ಸರಿ, ಕಾಯ್ತೀನಿ. ಅಷ್ಟರಲ್ಲಿ ನನಗೂ ಒಂದು ಹೆಲ್ಮೆಟ್ ನೋಡಿಡಿ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ತಲೆಗೂದಲು ನರೆತ ಮೇಲೆ ಬೈಕ್ ಕಲಿಯುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಯಾರೋ ಕೊಟ್ಟರು, ನೋಡಲು ಜೋರಾಗಿದೆ ಎಂದು ಹತ್ತಬೇಡಿ. ಕಣ್ಣು ತೋರಿಸಿಕೊಳ್ಳಿ, ಗೊತ್ತಿದ್ದವರ ಬಳಿ ಕಲಿಯಿರಿ, ಲೈಸೆನ್ಸ್ ಕೈಗೆ ಬಂದ ಮೇಲೇ ಒಬ್ಬರೇ ರಸ್ತೆಗಿಳಿಯಿರಿ, ಹೆಲ್ಮೆಟ್ ಪಟ್ಟಿ ಬಿಗಿಯಿರಿ. ಅಂಗಡಿಯವನು ಏನೇ ಹೇಳಲಿ, ನೀವೇ ಕೂತು, ನೀವೇ ತಳ್ಳಿ ನೋಡಿ, ನಿಮ್ಮ ಕಾಲು ಒಪ್ಪಿದ ಗಾಡಿಯನ್ನೇ ತನ್ನಿ. ನೀವು ತಲುಪಿದಿರಿ ಎಂಬ ಒಂದು ಫೋನಿಗಾಗಿ ಮನೆಯಲ್ಲಿ ಒಬ್ಬರು ಕಾಯುತ್ತಿರುತ್ತಾರೆ.