ಟೇಪು ಸುತ್ತಿದ ಡಬ್ಬಿಗಳು

ಸಿನಿಮಾ ಸಂಗ್ರಹಾಲಯದ ರೀಲು ಕೋಣೆಯ ಮೇಲ್ವಿಚಾರಕನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿತ್ತು. ಇದು ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಕಚೇರಿಯಲ್ಲಿ ಅವನು ಇಪ್ಪತ್ತಾರು ವರ್ಷ ಬಾಯಿ ಬಿಟ್ಟಿರಲಿಲ್ಲ.

"ಬಂದೆ ಕಣೋ," ಎಂದು ಅಕ್ಕ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಳು. "ಎಷ್ಟು ಮೆಟ್ಟಿಲು ಮಾರಾಯ. ಅಮ್ಮನ್ನ ಇಷ್ಟು ಕೆಳಗೆ ಇಟ್ಟಿದೀಯಲ್ಲ."

"ಕೆಳಗಡೆ ತಣ್ಣಗಿರುತ್ತೆ."

"ಅವಳಿಗೆ ಚಳಿ ಆಗ್ತಿರ್ಲಿಲ್ಲ ಬಿಡು. ನಮಗೇ ಹೊದಿಸಿ ಹೊದಿಸಿ ಉಸಿರು ಕಟ್ಟಿಸ್ತಿದ್ಲು."

ಮೇಜಿನ ಮೇಲೆ ಒಂದೇ ಫಿಲ್ಮಿನ ಒಂಬತ್ತು ರೀಲು ಡಬ್ಬಿಗಳಿದ್ದವು. ಪಕ್ಕದಲ್ಲಿ ಹೊಸ ಸ್ಕ್ಯಾನರ್ ಯಂತ್ರ. ಅದನ್ನು ನಡೆಸಲು ಬಂದ ಹುಡುಗಿ ಕೈಗವಸು ಹಾಕಿಕೊಳ್ಳುತ್ತಿದ್ದಳು. ಹಳೆಯ ರೀಲುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುವುದು ಅವಳ ಕೆಲಸ. ಯಾವುದರಿಂದ ಶುರು ಮಾಡಲಿ ಎಂದು ಕೇಳಿದಾಗ ಅವನು ಯೋಚಿಸದೆ ಈ ಒಂಬತ್ತನ್ನು ತಂದಿಟ್ಟಿದ್ದ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು.

"ನೀವೂ ನೋಡಿದೀರಾ ಮೇಡಂ ಈ ಫಿಲ್ಮು?" ಎಂದು ಹುಡುಗಿ ಅಕ್ಕನನ್ನು ಕೇಳಿದಳು.

"ಅರ್ಧ ನೋಡಿದೀನಿ. ಆರು ವರ್ಷ ಆಗಿತ್ತು ನಂಗೆ. ಅಮ್ಮ ಪರದೆ ಮೇಲೆ ಕೂಗಿದ್ದೇ ತಡ, ನಾನು ಅಮ್ಮನ ತೊಡೆ ಮೇಲೆ ಕೂತ್ಕೊಂಡೇ ಅಮ್ಮಾ ಅಂತ ಅರಚಿದೆ. ಇಡೀ ಥಿಯೇಟರ್ ನಕ್ಕಿತು. ಎತ್ಕೊಂಡು ಹೊರಗೆ ಬಂದ್ಲು. ಮುಂದಿನ ವರ್ಷ ಹೋಗೇಬಿಟ್ಲು. ಆಮೇಲೆ ನೋಡೋಕೆ ಧೈರ್ಯ ಬರ್ಲಿಲ್ಲ." ಅಕ್ಕ ಕುರ್ಚಿ ಎಳೆದುಕೊಂಡಳು. "ಈಗ ಅರವತ್ತೈದು. ಇನ್ನು ಹೆದರೋಕೆ ಏನಿದೆ?"

ಅವರ ತಾಯಿ ನಟಿಯಲ್ಲ. ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ಸೂಜಿ ಚುಚ್ಚಿಕೊಂಡು ಕೂಗಿದ್ದನ್ನು ನಿರ್ದೇಶಕ ಕೇಳಿಸಿಕೊಂಡು ವಿಜ್ಞಾನಿಯ ಹೆಂಡತಿಯ ಪಾತ್ರ ಕೊಟ್ಟನಂತೆ. ಸಾವನ್ನು ತಡೆಯುವ ಔಷಧ ಕಂಡುಹಿಡಿದ ವಿಜ್ಞಾನಿ ಅದನ್ನು ತನ್ನ ಮೇಲೇ ಪ್ರಯೋಗಿಸಿಕೊಳ್ಳುತ್ತಾನೆ. ಅವನ ಮೈ ಬೆಳೆಯುತ್ತಲೇ ಹೋಗುತ್ತದೆ. ಆರನೇ ರೀಲಿನಲ್ಲಿ ಹೆಂಡತಿ ಪ್ರಯೋಗಶಾಲೆಯ ಬಾಗಿಲು ತೆರೆಯುತ್ತಾಳೆ. ಒಳಗೆ ಏನಿದೆಯೆಂದು ಕ್ಯಾಮೆರಾ ತೋರಿಸುವುದಿಲ್ಲ, ಅವಳ ಮುಖದ ಮೇಲೇ ನಿಲ್ಲುತ್ತದೆ. ಬಾಯಿ ತೆರೆದಿದೆ, ದನಿಯಿಲ್ಲ. ಎಷ್ಟೋ ಹೊತ್ತಿನ ಮೇಲೆ ಕೂಗು ಬರುತ್ತದೆ. ಆಮೇಲೆ ಕಾಣುವ ಭೂತ ಬರೀ ರಬ್ಬರಿನ ಮುದ್ದೆ, ಇವತ್ತು ಯಾರೇ ನೋಡಿದರೂ ನಗುತ್ತಾರೆ. ಅಮ್ಮನ ಆ ಮುಖ ನೋಡಿ ನಕ್ಕವರನ್ನು ಅವನು ಕಂಡಿರಲಿಲ್ಲ.

ತಾಯಿ ಸತ್ತಾಗ ಅವನಿಗೆ ಒಂದೂವರೆ ವರ್ಷ. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಅವಳು ಕಣ್ಣು ಮುಚ್ಚಿದ್ದಳು. ಅವಳ ಕಣ್ಣು, ಅವಳ ದನಿ ಇದ್ದದ್ದು ಈ ಡಬ್ಬಿಗಳಲ್ಲಿ. ಇನ್ನೊಂದು ಪ್ರತಿ ಎಲ್ಲೂ ಉಳಿದಿರಲಿಲ್ಲ. ಅದಕ್ಕೇ ಅವನು ಈ ಕೆಲಸಕ್ಕೆ ಸೇರಿದ್ದ.

ಸೇರುವಾಗ ಹಳೆಯ ಮೇಲ್ವಿಚಾರಕ ಮೂರು ಡಬ್ಬಿ ತೆರೆದಿಟ್ಟು, "ಯಾವುದಕ್ಕೆ ರೋಗ ಬಂದಿದೆ ಹೇಳು," ಎಂದಿದ್ದ. ಹಳೆಯ ಫಿಲ್ಮು ಕೆಡುವಾಗ ವಿನೆಗರ್ ವಾಸನೆ ಬರುತ್ತದೆ. ಇಲ್ಲಿ ಕಣ್ಣಿಗಿಂತ ಮೂಗೇ ಮುಖ್ಯ. ಅವನು ಮೂರರ ಮೇಲೂ ಬಗ್ಗಿ, ಕಡೆಗಣ್ಣಿನಲ್ಲಿ ಮುದುಕನನ್ನು ನೋಡಿದ. ಎರಡನೆಯದರ ಹತ್ತಿರ ಮುದುಕನ ಮೂಗಿನ ಹೊಳ್ಳೆ ಅರಳಿತು. "ಎರಡನೇದು," ಎಂದ. ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಎಲ್ಲ ಡಬ್ಬಿ ತೆರೆದು, ಮೂಸಿ, ಪುಸ್ತಕದಲ್ಲಿ ಬರೆಯಬೇಕು. ಮುಚ್ಚಳ ಬಿಗಿಯಾಗಿ ಹಾಕಬಾರದು. "ಡಬ್ಬಿಗೂ ಉಸಿರಾಡೋಕೆ ಬೇಕು ಕಣಯ್ಯ," ಎನ್ನುತ್ತಿದ್ದ ಮುದುಕ. ಆ ಮುದುಕ ಇರುವವರೆಗೆ ಅವನ ಹೊಳ್ಳೆ ನೋಡಿ ದಿನ ತಳ್ಳಿದ್ದಾಯಿತು. ಆಮೇಲೆ ಎಲ್ಲದರ ಮುಂದೆಯೂ "ವಾಸನೆ ಇಲ್ಲ" ಎಂದು ಬರೆದ. ವಾಸನೆಗೆ ಬಣ್ಣ ಬದಲಿಸುವ ಕಾಗದದ ಪಟ್ಟಿಗಳು ಬಂದಿವೆಯೆಂದು ಗೊತ್ತಿತ್ತು. ತರಿಸಿಕೊಡಿ ಎಂದರೆ ಯಾಕೆ ಎಂದು ಕೇಳುತ್ತಾರೆ.

ಒಂಬತ್ತು ವರ್ಷದ ಹಿಂದೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬ ಬರೀ ಮೂಗಿನಿಂದಲೇ ಪಕ್ಕದ ಕಪಾಟಿನ ಏಳು ರೋಗದ ಡಬ್ಬಿಗಳನ್ನು ಹಿಡಿದ. ಶೀತವಾಗಿತ್ತು ಎಂದು ಹೇಳಿ ಇವನು ತಪ್ಪಿಸಿಕೊಂಡ. ರೋಗ ಗಾಳಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ ಎಂದು ಅಧಿಕಾರಿ ಹೇಳಿ ಹೋದ. ಅವತ್ತು ಸಂಜೆಯೇ ಅವನು ತಾಯಿಯ ಒಂಬತ್ತು ಡಬ್ಬಿಗಳ ಅಂಚಿಗೆ ಮೂರು ಸುತ್ತು ಟೇಪು ಬಿಗಿದು, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟ. ಮತ್ತೆ ತೆರೆಯಲಿಲ್ಲ.

"ಕೋಣೆ ಚೆನ್ನಾಗಿ ಇಟ್ಟಿದೀರ ಸಾರ್," ಎಂದಳು ಹುಡುಗಿ. "ಬೇರೆ ಕಡೆ ಎಲ್ಲಾ ಒಳಗೆ ಕಾಲಿಡೋಕಾಗಲ್ಲ. ಇಲ್ಲಿ ವಾಸನೆಯೇ ಇಲ್ಲ."

ಅವನ ಮುಖದಲ್ಲಿ ನಗು ಮೂಡಿತು. "ಆರನೇದು ಮೊದಲು ಹಾಕಮ್ಮ. ಅಕ್ಕ ಕಾಯ್ತಿದಾಳೆ."

ಅವನೇ ಚೀಲ ಬಿಡಿಸಿ ಡಬ್ಬಿ ಹಿಡಿದುಕೊಂಡ. ಹುಡುಗಿ ಬ್ಲೇಡಿನಿಂದ ಟೇಪು ಕೊಯ್ದಳು. ಮುಚ್ಚಳ ಗಟ್ಟಿಯಾಗಿ ಕೂತಿತ್ತು, ಅಲ್ಲಾಡಿಸಿ ಎತ್ತಬೇಕಾಯಿತು.

ಹುಡುಗಿ ತಲೆ ಹಿಂದಕ್ಕೆಳೆದು ಎರಡು ಹೆಜ್ಜೆ ಸರಿದಳು. ಅಕ್ಕ ಮೂಗು ಮುಚ್ಚಿಕೊಂಡು ಕೆಮ್ಮುತ್ತ ಎದ್ದಳು, ಕುರ್ಚಿ ಬಿತ್ತು. ಅವನೊಬ್ಬ ಮಾತ್ರ ಡಬ್ಬಿಯ ಮೇಲೆ ಬಗ್ಗಿಯೇ ನಿಂತಿದ್ದ. ಮುಖದಲ್ಲಿ ನಗು ಇನ್ನೂ ಇತ್ತು.

"ಸಾರ್, ಮುಖ ತೆಗೀರಿ. ಕಣ್ಣು ಉರಿಯಲ್ವಾ ನಿಮಗೆ?"

ಉರಿಯುತ್ತಿತ್ತು. ಅಳು ಅಂದುಕೊಂಡಿದ್ದ. ಕೆಳಗೆ ನೋಡಿದ. ಸುರುಳಿ ಇರಲಿಲ್ಲ. ಕಂದು ಬಣ್ಣದ ಒಂದೇ ಮುದ್ದೆ ಇತ್ತು. ಅಂಚಿನಲ್ಲಿ ಬಿಳಿ ಪುಡಿ, ನಡುವೆ ಗುಳ್ಳೆಗುಳ್ಳೆಯಾಗಿ ಉಬ್ಬಿ ಮುಚ್ಚಳಕ್ಕೂ ಅಂಟಿಕೊಂಡಿತ್ತು. ಹುಡುಗಿ ಚಿಮುಟದಿಂದ ಮುಟ್ಟಿದಳು. ಬಿಸ್ಕತ್ತಿನಂತೆ ಮುರಿಯಿತು.

"ಟೇಪು ಯಾರು ಹಾಕಿದ್ದು?"

"ನಾನೇ."

"ಯಾಕೆ?"

"ಹೊರಗಿನ ಗಾಳಿ ತಾಗಬಾರ್ದು ಅಂತ."

"ಇದು ಒಳಗಿಂದ್ಲೇ ಬರೋದು ಸಾರ್. ಟೇಪು ಹಾಕಿದಾಗ್ಲೇ ಸ್ವಲ್ಪ ಶುರುವಾಗಿರುತ್ತೆ. ಆ ವಿನೆಗರ್ ಹುಳಿ ಹೊರಗೆ ಹೋಗೋಕೆ ದಾರಿ ಇಲ್ದೆ ಅಲ್ಲೇ ಕೂತು ಎಲ್ಲಾ ತಿಂದುಬಿಟ್ಟಿದೆ. ಸುಮ್ನೆ ಬಿಟ್ಟಿದ್ರೂ ಇಷ್ಟು ಆಗ್ತಿರ್ಲಿಲ್ಲ." ಅವಳು ಪುಸ್ತಕ ಎಳೆದುಕೊಂಡು ಹಾಳೆ ಹಿಂದೆ ಹಿಂದೆ ತಿರುಗಿಸಿದಳು. "ತಿಂಗಳು ತಿಂಗಳೂ ಬರ್ದಿದೀರಲ್ಲ, ವಾಸನೆ ಇಲ್ಲ ಅಂತ. ಹೋದ ವಾರಾನೂ ಬರ್ದಿದೀರ."



"ಅವನಿಗೆ ವಾಸನೆ ಗೊತ್ತಾಗಲ್ಲ ಕಣಮ್ಮ," ಎಂದಳು ಅಕ್ಕ ಮೆಲ್ಲಗೆ. "ಚಿಕ್ಕೋನಿದ್ದಾಗಿಂದ."

ಹುಡುಗಿ ಅವನನ್ನು ನೋಡಿದಳು, ಸುತ್ತಲಿನ ಕಪಾಟುಗಳನ್ನು ನೋಡಿದಳು. ಉಳಿದ ಡಬ್ಬಿಗಳ ಟೇಪು ಒಂದೊಂದಾಗಿ ಕೊಯ್ದಳು. ಐದನೆಯದರಲ್ಲಿ ಮುದ್ದೆ. ಎರಡನೆಯದರಲ್ಲಿ ಮುದ್ದೆ, ಜೊತೆಗೆ ಜೇನಿನಂಥ ಅಂಟು. ಒಂಬತ್ತನೆಯದನ್ನು ಅವನೇ ತೆರೆದ, ಅದರಲ್ಲೂ ಅದೇ.

ಅಕ್ಕ ಮತ್ತೆ ಆರನೆಯದರ ಹತ್ತಿರ ಬಂದಿದ್ದಳು. ಈಗ ಮೂಗು ಮುಚ್ಚಿಕೊಂಡಿರಲಿಲ್ಲ. ಡಬ್ಬಿಯೊಳಗೆ ನೋಡುತ್ತಿದ್ದಳು, ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅವನು ಆ ಮುಖವನ್ನು ಗುರುತಿಸಿದ. ಕೂಗು ಬರುತ್ತದೆಂದು ಕಾದ. ಬರಲಿಲ್ಲ. ಅವಳು ಮುಚ್ಚಳ ತೆಗೆದುಕೊಂಡು ಡಬ್ಬಿಯ ಮೇಲಿಟ್ಟಳು, ಒತ್ತಲಿಲ್ಲ.

"ಏನಂತ ಬರೀಲಿ ಸಾರ್?" ಎಂದಳು ಹುಡುಗಿ.

ಅವನು ಪೆನ್ನು ಇಸಿದುಕೊಂಡು ಬರೆದ. ಒಂಬತ್ತು ರೀಲು, ಎಂಬತ್ತಾರು ನಿಮಿಷ. ಹಾಳಾದದ್ದರ ಕಾಲಂ ಅಷ್ಟೇ ಕೇಳುತ್ತಿತ್ತು. ಅದರಲ್ಲಿ ಅಮ್ಮ ಇದ್ದದ್ದು ಹನ್ನೊಂದು ನಿಮಿಷ. ಆಡಿದ್ದು ಹದಿನಾಲ್ಕು ಮಾತು. ಕೂಗಿದ್ದು ಒಂದು ಸಲ.