ಗ್ರಾಫೈಟಿನ ಅಂಚು

"ಏ ಅಕ್ಕಾ, ನೀರು ಬಿಡ್ಬೇಡ!"

ಪಕ್ಕದ ಮಷೀನಿನವಳು ಕೂಗಿದಾಗ ಅವಳ ಕೈ ಆಗಲೇ, ಕೊರೆಯುವಾಗ ತಂಪಿಗೆ ನೀರು ಬಿಡುವ ಕೂಲೆಂಟಿನ ನಲ್ಲಿಯ ಮೇಲಿತ್ತು. ಬಿಸಿ ತಾಗಿದವಳಂತೆ ಹಿಂತೆಗೆದಳು. ವರ್ಷಗಟ್ಟಲೆ ಕಬ್ಬಿಣ ಕೊರೆದ ಕೈ. ಕೊರೆಯುವ ಟೂಲು ತಿರುಗಿದರೆ ಸಾಕು, ತನ್ನಷ್ಟಕ್ಕೆ ಅತ್ತ ಹೋಗುತ್ತಿತ್ತು. ನಿನ್ನೆಯೂ ಹಾಗೇ ಆಗಿತ್ತು. ಪೆನ್ಸಿಲ್ಲಿನ ಕಡ್ಡಿಯಂಥ ಈ ಗ್ರಾಫೈಟನ್ನು ನೀರಿಲ್ಲದೆಯೇ ಕೊರೆಯಬೇಕು. ನೀರು ಬಿದ್ದದ್ದೇ ತಡ, ದಿಮ್ಮಿ ಅದನ್ನು ಹೀರಿಕೊಂಡು ಕೆಟ್ಟಿತು. ಪುಡಿಯೆಲ್ಲ ಕರಿ ಹಿಟ್ಟಿನಂತೆ ಕಲೆಸಿ ಮಷೀನಿನ ಮೂಲೆಮೂಲೆಗೂ ಮೆತ್ತಿಕೊಂಡಿತು.

"ಇವತ್ತೂ ಕೆಸರು ಮಾಡಿದ್ರೆ ಬಳಿಯೋಕೆ ನಾನಂತೂ ಬರಲ್ಲಮ್ಮ," ಎಂದು ಪಕ್ಕದವಳು ನಕ್ಕಳು.

ಅವಳಿಗೆ ನಗು ಬರಲಿಲ್ಲ. ಇನ್ನೊಂದು ದಿಮ್ಮಿ ಹಾಳಾದರೆ ಮತ್ತೆ ಕಬ್ಬಿಣದ ವಿಭಾಗಕ್ಕೇ ಕಳಿಸುತ್ತೇನೆಂದು ಮೇಸ್ತ್ರಿ ಹೇಳಿಬಿಟ್ಟಿದ್ದರು. ಅಲ್ಲಿ ರಾತ್ರಿ ಪಾಳಿ. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಇವಳು ಚಪ್ಪಲಿ ಮೆಟ್ಟಿ ಹೊರಡಬೇಕು. ಇಲ್ಲಿ ಹಗಲಿನ ಕೆಲಸ ಮಾತ್ರ. ಅದಕ್ಕೆಂದೇ ಅವರಿವರ ಕೈಕಾಲು ಹಿಡಿದು ಬಂದಿದ್ದಳು.

ದಿಮ್ಮಿಯನ್ನು ಸುತ್ತಲೂ ಕೊರೆದು, ಉಗುರಿನಷ್ಟು ತೆಳ್ಳಗಿನ ಒಂದು ರೆಕ್ಕೆಯನ್ನು ನಿಲ್ಲಿಸಬೇಕಿತ್ತು. ಮುಂದೆ ಕಿಡಿಯಿಂದ ಉಕ್ಕು ಕೊರೆಯುವ ಮಷೀನಿನಲ್ಲಿ, ಈ ರೆಕ್ಕೆಯೇ ಉಕ್ಕಿನ ಅಚ್ಚಿನೊಳಗೆ ಸೀಳು ಮೂಡಿಸುತ್ತದೆ. ಇದು ಮುಕ್ಕಾದರೆ ಅದೂ ಮುಕ್ಕು.

ಧೂಳೆಳೆಯುವ ಪೈಪು ಭುಸುಗುಟ್ಟತೊಡಗಿತು. ಕೈಚಕ್ರ ತಿರುವಿದಂತೆ ರೆಕ್ಕೆ ಮೆಲ್ಲನೆ ಎದ್ದು ನಿಂತಿತು. ಟೂಲು ಆಚೆಯ ಅಂಚನ್ನು ಸಮೀಪಿಸಿದಾಗ ಅವಳು ಥಟ್ಟನೆ ನಿಲ್ಲಿಸಿದಳು. ಅಷ್ಟರಲ್ಲಿ ಮೇಸ್ತ್ರಿ ಬೆನ್ನ ಹಿಂದೆ ಬಂದು ನಿಂತಿದ್ದರು.

"ಯಾಕಮ್ಮ, ನಿಲ್ಸಿಬಿಟ್ಟೆ?"

"ಆ ಕಡೆಯಿಂದ ಒಳಗೆ ಬರ್ತೀನಿ ಸಾರ್. ಹಿಂಗೇ ಆಚೆ ದಾಟಿಸಿದ್ರೆ ತುದಿ ಕಿತ್ಕೊಂಡು ಹೋಗುತ್ತೆ."

"ಯಾರು ಹೇಳ್ಕೊಟ್ರು?"

"ಮೊನ್ನೆ ಒಂದು ರೆಕ್ಕೆ ಮುರೀತಲ್ಲ, ಅದೇ."

ಮೇಸ್ತ್ರಿ ಮೀಸೆಯಲ್ಲೇ ನಕ್ಕರು. ಅವಳು ಟೂಲನ್ನೆತ್ತಿ ಆಚೆ ಬದಿಗೆ ಒಯ್ದು, ಉಸಿರು ಬಿಗಿಹಿಡಿದು ಒಳಮುಖವಾಗಿ ತಂದಳು. ಎರಡು ಕೊರೆತಗಳೂ ನಡುವೆ ಕೂಡಿಕೊಂಡವು. ಮೇಸ್ತ್ರಿ ದಿಮ್ಮಿಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದರ ಜೋಡಿದು ನಾಳೆ ಮಾಡು. ಕಬ್ಬಿಣದವರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತೀನಿ."

"ಸರಿ ಸಾರ್," ಎಂದಳು. ಪಕ್ಕದವಳು ಅತ್ತ ತಿರುಗಿಕೊಂಡೇ ಚಪ್ಪಾಳೆ ತಟ್ಟಿದಳು.

ಸಂಜೆ ಮನೆಯಲ್ಲಿ ಎಷ್ಟು ಸೋಪು ಉಜ್ಜಿದರೂ ನೀರು ಬೂದುಬಣ್ಣಕ್ಕೇ ಇಳಿಯುತ್ತಿತ್ತು. ಮಗಳು ಪಕ್ಕದಲ್ಲಿ ಕುಳಿತು ಅಮ್ಮನನ್ನು ತಪಾಸಣೆ ಮಾಡಿದಳು.

"ಅಮ್ಮಾ, ಕಿವಿ ಹಿಂದೆ ಇನ್ನೂ ಕಪ್ಪಿದೆ."

"ಇರ್ಲಿ ಬಿಡೇ, ದೃಷ್ಟಿ ಆಗಲ್ಲ. ಸ್ಕೂಲಲ್ಲಿ ಏನಾಯ್ತು, ಅದನ್ನ ಹೇಳು."

ಯಾರೋ ಯಾರದೋ ಟೋಪಿಯನ್ನು ಮರದ ಮೇಲೆಸೆದ ದೊಡ್ಡ ಕಥೆ. ಟೋಪಿ ಇನ್ನೂ ಕೊಂಬೆಯಲ್ಲಿರುವಾಗಲೇ, ಗೋಡೆಗೊರಗಿ ಕುಳಿತ ಅಮ್ಮನ ಕಣ್ಣು ಮುಚ್ಚಿತು. ಮಗಳು ಒಮ್ಮೆ ಬಗ್ಗಿ ನೋಡಿ, ದನಿ ತಗ್ಗಿಸಿ, ಉಳಿದದ್ದನ್ನೂ ಹೇಳುತ್ತಲೇ ಹೋದಳು.