ಚಿಲಕದ ಮೇಲಿನ ಕೈ

ರೋಗಿಗಳನ್ನು ಮಲಗಿಸಿ ನೋಡುವ ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ತೀರಿಕೊಂಡ ಡಾಕ್ಟರ ದೇಹವನ್ನು ದರ್ಶನಕ್ಕಿಡಲು ಕ್ಲಿನಿಕ್‌ನಲ್ಲಿ ಜಾಗವಾಗಬೇಕಾದರೆ ಅದು ಹೊರಗೆ ಹೋಗಬೇಕು. ಅದಕ್ಕೋ ಮನಸ್ಸೇ ಇಲ್ಲ.

"ಓರೆ ಮಾಡಿ, ಇನ್ನೂ ಓರೆ," ಎಂದರು ಮುದುಕ ಕಾಂಪೌಂಡರ್. "ಮೂವತ್ತು ವರ್ಷ ಅವರ ಮಾತೂ ಕೇಳಿಲ್ಲ ಇದು."

ಇನ್ನೊಂದು ತುದಿ ಹಿಡಿದಿದ್ದ ಕಿರಿಯ ಡಾಕ್ಟರ್ ನಗಲಿಲ್ಲ. ಎರಡು ವರ್ಷದ ಹಿಂದೆ ಮೂರು ತಿಂಗಳು ಅವಳು ಇಲ್ಲೇ ಕೆಲಸ ಕಲಿತಿದ್ದಳು. ಮುಂದೇನು ಓದುವುದೆಂದು ಈ ಸಂಜೆ ಐದರೊಳಗೆ ತಿಳಿಸಬೇಕಿತ್ತು. ಮೊಬೈಲಿನ ಅರ್ಜಿಯಲ್ಲಿ ಸ್ಕ್ಯಾನಿಂಗ್ ವಿಭಾಗ ಎಂದು ತುಂಬಿಯಾಗಿತ್ತು, ಕಳಿಸುವುದೊಂದೇ ಬಾಕಿ. ಕತ್ತಲೆ ಕೋಣೆ, ಪರದೆಯ ಮೇಲೆ ಚಿತ್ರಗಳು. ಅಲ್ಲಿ ಯಾರೂ ಬಾಗಿಲಲ್ಲಿ ನಿಂತು ತಿರುಗಿ ನೋಡುವುದಿಲ್ಲ.

"ನೀನು ಫ್ಯಾಮಿಲಿ ಡಾಕ್ಟರೇ ಆಗ್ತೀಯ ಅಂತಿದ್ರು," ಎಂದರು ಡಾಕ್ಟರ ಹೆಂಡತಿ.

"ನನ್ನ ಕೈಲಾಗಲ್ಲ, ಅಮ್ಮ."

*

ರೋಗಿ ಎದ್ದರೆ ಡಾಕ್ಟರೂ ಏಳುತ್ತಿದ್ದರು. ಬಾಗಿಲವರೆಗೆ ಹೋಗಿ, ಚಿಲಕದ ಮೇಲೆ ಕೈಯಿಟ್ಟು, ತೆಗೆಯದೆ ನಿಲ್ಲುತ್ತಿದ್ದರು. "ಕುರ್ಚೀಲಿ ಕೂತು ಹೇಳೋದು ನೆಗಡಿ, ಕೆಮ್ಮು. ನಿಜವಾದ್ದು ಬಾಗಿಲ ಹತ್ರಾನೇ ಬಾಯಿಗೆ ಬರೋದು," ಎನ್ನುತ್ತಿದ್ದರು.

ಅವಳು ಇಲ್ಲಿ ಕಲಿಯುತ್ತಿದ್ದಾಗ, ಅವರು ಊರಲ್ಲಿಲ್ಲದ ಒಂದು ದಿನ, ಊರಿನ ಟೈಲರ್ ಬಂದರು. ಗ್ಯಾಸ್ ಇರಬೇಕು ಎಂದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವಳು ಮಾತ್ರೆ ಬರೆದುಕೊಟ್ಟಳು. ಟೈಲರ್ ಬಾಗಿಲಲ್ಲಿ ನಿಂತು, ಎಡಗೈ ನೀವಿಕೊಳ್ಳುತ್ತ, ತಿರುಗಿ ನೋಡಿದರು. ಅವಳು ಕೂತಲ್ಲಿಂದಲೇ ಮುಂದಿನವರನ್ನು ಕರೆದಳು.

ಮರುದಿನ ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಅವರ ಹೃದಯ ನಿಂತಿತು.

ಡಾಕ್ಟರ್ ಅವಳನ್ನು ಬೈಯಲಿಲ್ಲ. ಆದರೆ ಅಂದಿನಿಂದ ಅವಳು ಯಾವ ಬಾಗಿಲು ನೋಡಿದರೂ ಅಲ್ಲಿ ಟೈಲರ್ ಇರುತ್ತಾರೆ, ಎಡಗೈ ನೀವಿಕೊಳ್ಳುತ್ತ.

*

ಅಂತ್ಯಕ್ರಿಯೆಯೂ ಮುಗಿದು ಜನ ಕರಗುವಷ್ಟರಲ್ಲಿ ನಾಲ್ಕೂವರೆ. ಕೊನೆಗೆ ಬಂದವರು ಟೈಲರ ಹೆಂಡತಿ. ಅಭ್ಯಾಸಬಲದಿಂದ ರೋಗಿಯ ಕುರ್ಚಿಯಲ್ಲೇ ಕೂತರು.

"ಬರಬಾರದು ಅಂತಿದ್ದೆ," ಎಂದರು. "ನಮ್ಮೋರು ಹೋದ ಮೇಲೆ ಡಾಕ್ಟ್ರು ಮನೆಗೆ ಬಂದು, 'ಅವತ್ತು ನಾನೇ ನೋಡಿದ್ದು, ಗೊತ್ತಾಗಲಿಲ್ಲ, ತಪ್ಪು ನಂದೇ' ಅಂದ್ರು. ಬಾಯಿಗೆ ಬಂದ ಹಾಗೆ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ್ರು. ಆಮೇಲೆ ಎದುರು ಸಿಕ್ಕಿದ್ರೂ ಮಾತಾಡಿಸಲಿಲ್ಲ ನಾನು."

ಕಿರಿಯ ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ಡಾಕ್ಟರ ಹೆಂಡತಿಯ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು, ಅವರು ಹೇಳುವವರಲ್ಲ. ತಾನೂ ಸುಮ್ಮನಿದ್ದರೆ ಇದು ಇಲ್ಲಿಗೇ ಮುಗಿಯುತ್ತದೆ. ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷವಿತ್ತು. ಅವಳು ಮೊಬೈಲ್ ಕೈಗೆತ್ತಿಕೊಂಡಳು.

"ಸರಿ, ಹೊರಡ್ತೀನಿ," ಎಂದು ಟೈಲರ ಹೆಂಡತಿ ಎದ್ದರು. ಬಾಗಿಲ ತನಕ ಹೋಗಿ ನಿಂತರು. ತಿರುಗಿದರು.

"ನಮ್ಮೋರು ಅವತ್ತು ಕೊನೆಗೆ ಏನಂದ್ರು ಅಂತ ಡಾಕ್ಟ್ರನ್ನ ಕೇಳಬೇಕಿತ್ತು. ಕೋಪದಲ್ಲಿ ಕೇಳಲೇ ಇಲ್ಲ. ಇನ್ನು ಯಾರನ್ನ ಕೇಳಲಿ."

ಕಿರಿಯ ಡಾಕ್ಟರ್ ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟು ಎದ್ದಳು. ಬಾಗಿಲವರೆಗೆ ನಡೆದು ಚಿಲಕದ ಮೇಲೆ ಕೈಯಿಟ್ಟಳು. ಅದು ಅಂಗೈಗಳಿಗೆ ಸವೆದು ನುಣ್ಣಗಾಗಿತ್ತು.

"ನನ್ನನ್ನ ಕೇಳಿ," ಎಂದಳು.

ಹಿಂದೆ ಗಡಿಯಾರ ಐದು ಹೊಡೆಯಿತು. ಅವಳು ಚಿಲಕ ತೆಗೆಯಲಿಲ್ಲ.